ತಲೆಮರೆಸಿಕೊಂಡವನು

ಆ ಕಾಮಿಕ್ಸ್ ಪುಸ್ತಕಕ್ಕೆ ತಲೆಯೇ ಇರಲಿಲ್ಲ. ಕವರಿನ ಮೇಲ್ಗಡೆ ನಾಲ್ಕು ಬೆರಳಗಲ ಯಾರೋ ನೀಟಾಗಿ ಕತ್ತರಿಸಿ ತೆಗೆದಿದ್ದರು. ಉಳಿದಿದ್ದರಲ್ಲಿ ಒಬ್ಬ ಕೌಬಾಯ್. ಕೆಂಪು ಅಂಗಿ. ಅದರ ಮೇಲೆ ಹಸುವಿನ ಚರ್ಮದ, ಮಚ್ಚೆ ಮಚ್ಚೆ ವೇಸ್ಟ್‌ಕೋಟು. ಅವನ ಟೋಪಿಯ ತುದಿಯೂ ಕತ್ತರಿಗೆ ಸಿಕ್ಕಿ ಹೋಗಿತ್ತು. ಮೈಸೂರಿನ ಶಿವರಾಂಪೇಟೆಯ ಹಳೇ ಪೇಪರ್ ಅಂಗಡಿಯಲ್ಲಿ, 1982ರಲ್ಲಿ, 75 ಪೈಸೆ ಕೊಟ್ಟು ತಂದಿದ್ದೆ. ನನಗಾಗ ಹನ್ನೊಂದು ವರ್ಷ.

ನಮ್ಮ ಮಾವ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮುರಿದಿದ್ದು, ಹರಿದಿದ್ದು ಏನು ಕಂಡರೂ ಅವರಿಗೆ ಕೈ ಕಡಿಯುತ್ತಿತ್ತು. ಪುಸ್ತಕ ನೋಡಿದವರೇ ನೋಟ್‌ಬುಕ್ಕಿನ ಹಾಳೆ ಒಂದನ್ನು ಅಳತೆಗೆ ಕತ್ತರಿಸಿದರು. ಮೈದಾ ಅಂಟು ಮಾಡಿ, ಹೋದ ಜಾಗಕ್ಕೆ ಅಂಟಿಸಿದರು. ಈಗ ಹೆಸರು ಬರೀಬೇಕಲ್ಲ. ಒಳಗಿನ ಮೊದಲ ಪುಟದಲ್ಲಿ ಹೆಸರಿತ್ತು: ಕಿಡ್ ಕೋಲ್ಟ್, ಔಟ್‌ಲಾ. 'ಕಿಡ್ ಕೋಲ್ಟ್' ಸರಿ. 'ಔಟ್‌ಲಾ' ಅನ್ನುವುದನ್ನು ಕನ್ನಡದಲ್ಲಿ ಏನಂತ ಬರೆಯುವುದು?

ಮಾವ ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತರು. ಕಳ್ಳ ಅಂದರೆ ಇವನು ಕದಿಯುವುದಿಲ್ಲ. ದರೋಡೆಕೋರ ಅಂದರೆ ದರೋಡೆಕೋರರನ್ನೇ ಹಿಡಿದುಕೊಡ್ತಾನೆ. ಗಡಿಪಾರು ಅನ್ನಬಹುದಿತ್ತು. ಆದರೆ ಅದಕ್ಕೆ ಯಾರೋ ಒಬ್ಬರು ಆರ್ಡರ್ ಹೊರಡಿಸಿರಬೇಕು, ಇವನು ಎಲ್ಲ ಊರುಗಳಿಂದಲೂ ಗಡಿಪಾರು. ಕೊನೆಗೆ ದಿನಾ ಪೇಪರಿನಲ್ಲಿ ಬರುವ ಪದವನ್ನೇ ಹಾಕಿದರು. ನೀಲಿ ಶಾಯಿಯಲ್ಲಿ, ದುಂಡಗೆ: 'ಕಿಡ್ ಕೋಲ್ಟ್ – ತಲೆಮರೆಸಿಕೊಂಡವನು'.

ಅದೇನು ಕೆಟ್ಟ ಅನುವಾದ ಅಲ್ಲ ಅಂತ ಈಗಲೂ ಅನಿಸುತ್ತದೆ. ಹಳೇ ಇಂಗ್ಲೆಂಡಿನಲ್ಲಿ ಆ ಪದಕ್ಕೆ ಕಾನೂನಿನ ರಕ್ಷಣೆ ಕಳೆದುಕೊಂಡವನು ಅಂತ ಅರ್ಥ. ಅವನನ್ನು ಯಾರು ಹೊಡೆದರೂ ಕೇಳುವವರಿಲ್ಲ. ಅಮೆರಿಕದ ಕಾಮಿಕ್ಸ್‌ಗೆ ಬರುವಷ್ಟರಲ್ಲಿ ಅದು ಒಂದು ಬಿರುದಿನ ಥರ ಆಗಿತ್ತು.

ಮಾವ ಸಂಜೆ ಹೊತ್ತು ಜಗಲಿಯ ಮೇಲೆ ಕೂತು ನಮಗೆಲ್ಲ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಒಂದು ಸಂಚಿಕೆಯಲ್ಲಿ ಐದಾರು ಪುಟದ ಮೂರ್ನಾಲ್ಕು ಸಣ್ಣ ಕಥೆ. ಒಂದಕ್ಕೊಂದು ಸಂಬಂಧ ಇಲ್ಲ. ಹೆಚ್ಚಿನವುಗಳ ದಾರಿ ಒಂದೇ. ಕಿಡ್ ಯಾವುದೋ ಹೊಸ ಊರಿಗೆ ಬರುತ್ತಾನೆ. ಗೋಡೆಯ ಮೇಲೆ ಅವನದೇ ಚಿತ್ರ, ತಲೆಗೆ ಇಷ್ಟು ಬೆಲೆ ಅಂತ. ಊರಿನಲ್ಲಿ ಒಬ್ಬ ದೊಡ್ಡ ಮನುಷ್ಯ, ಒಳಗೊಳಗೆ ಕಳ್ಳ. ತಪ್ಪೆಲ್ಲ ಕಿಡ್ ಮೇಲೆ ಬರುತ್ತದೆ. ಗುಂಡು ಹಾರುತ್ತವೆ, ನಿಜವಾದ ಕಳ್ಳ ಸಿಗುತ್ತಾನೆ. ಷರೀಫ್, ಅಂದರೆ ಊರಿನ ಪೊಲೀಸ್ ಅಧಿಕಾರಿ, ಕಿಡ್ ಕಡೆ ನೋಡುತ್ತಾನೆ, ಆಮೇಲೆ ಬೇಕು ಅಂತಲೇ ಬೇರೆ ಕಡೆ ತಿರುಗುತ್ತಾನೆ. ಕೊನೆಯ ಚೌಕದಲ್ಲಿ ಸ್ಟೀಲ್ ಅನ್ನುವ ಕುದುರೆಯ ಬೆನ್ನು, ಅದರ ಮೇಲೆ ಇವನ ಬೆನ್ನು.

ಒಂದು ದಿನ ನಾನು ತಡೆಯಲಾರದೆ ಕೇಳಿದೆ: "ಮಾವ, ಇವನು ತಪ್ಪೇ ಮಾಡಿಲ್ಲ ಅಲ್ವಾ? ಷರೀಫ್ ಹತ್ರ ಹೋಗಿ ನಿಜ ಹೇಳಿದ್ರೆ ಆಗಲ್ವಾ?"

"ಹೇಳಿದ್ರೆ ಪುಸ್ತಕ ಮುಗಿದು ಹೋಗುತ್ತಲ್ಲೋ" ಅಂದರು ಮಾವ, ಪುಟ ತಿರುಗಿಸುತ್ತಾ.

ತಮಾಷೆಗೆ ಅಂದಿದ್ದರು. ಅದು ಅರ್ಧ ಸರಿ ಅಂತ ಗೊತ್ತಾಗಲು ನನಗೆ ಮೂವತ್ತು ವರ್ಷ ಬೇಕಾಯಿತು. ಉಳಿದರ್ಧ ಇನ್ನೂ ಮಜವಾಗಿದೆ.

ಕಿಡ್ ಕೋಲ್ಟ್ ಮೊದಲು ಬಂದಿದ್ದು 1948ರ ಆಗಸ್ಟ್ ತಾರೀಖಿನ ಸಂಚಿಕೆಯಲ್ಲಿ. ನ್ಯೂಯಾರ್ಕಿನ ಮಾರ್ಟಿನ್ ಗುಡ್‌ಮನ್ ಅನ್ನುವ ಪ್ರಕಾಶಕನ ಕಂಪನಿ, ಮುಂದೆ ಮಾರ್ವೆಲ್ ಅಂತ ಹೆಸರಾಯಿತಲ್ಲ, ಅದೇ. ಶುರುವಿನಲ್ಲಿ ಪುಸ್ತಕದ ಹೆಸರಿನ ಜೊತೆ 'ಪಶ್ಚಿಮದ ಹೀರೊ' ಅಂತಿತ್ತು. ಸ್ವಲ್ಪವೇ ದಿನದಲ್ಲಿ ಹೀರೊ ಹೋಗಿ ಔಟ್‌ಲಾ ಬಂತು. ಆ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ಅಪರಾಧದ ಕಾಮಿಕ್ಸ್ ಜೋರಾಗಿ ಖರ್ಚಾಗುತ್ತಿದ್ದವು. ಒಳ್ಳೆಯವನು ಅನ್ನುವುದಕ್ಕಿಂತ ಪೊಲೀಸರು ಹುಡುಕುತ್ತಿರುವವನು ಅಂದರೆ ಹುಡುಗರು ಹತ್ತು ಸೆಂಟು ಬೇಗ ತೆಗೀತಾರೆ. ಬೆಲೆ ಆಗ ಹತ್ತೇ ಸೆಂಟು.

ಅವನ ಪೂರ್ತಿ ಹೆಸರು ಬ್ಲೇನ್ ಕೋಲ್ಟ್. ಬೇಗ ಸಿಟ್ಟು ಬರುವ ಹುಡುಗ. ಎಲ್ಲಿ ಯಾರನ್ನಾದರೂ ಹೊಡೆದುಬಿಡುತ್ತೇನೋ ಅನ್ನುವ ಭಯಕ್ಕೆ ಬಂದೂಕು ಕಟ್ಟಿಕೊಳ್ಳುತ್ತಲೇ ಇರಲಿಲ್ಲ. ಅಪ್ಪನ ಕೊಲೆ ಆಗುತ್ತದೆ. ಕೊಂದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಕಾನೂನಿನ ಪ್ರಕಾರ ಅದು ಕೊಲೆ. ಅಲ್ಲಿಂದ ಓಟ ಶುರು.

ಓಟ ನಿಂತಿದ್ದು 1979ರ ಏಪ್ರಿಲ್‌ನಲ್ಲಿ, 229ನೇ ಸಂಚಿಕೆಗೆ. ಅಂದರೆ ಸುಮಾರು 31 ವರ್ಷ. ಇಲ್ಲೊಂದು ಲೆಕ್ಕ ಇದೆ. ಟೆಕ್ಸಾಸಿನಿಂದ ಸಾವಿರಾರು ದನಗಳನ್ನು ಹೊಡೆದುಕೊಂಡು ಉತ್ತರದ ರೈಲ್ವೆ ಸ್ಟೇಷನ್ನುಗಳಿಗೆ ಹೋಗುತ್ತಿದ್ದ ನಿಜವಾದ ಕೌಬಾಯ್ ಕಾಲ ಶುರುವಾಗಿದ್ದು 1866ರ ಹೊತ್ತಿಗೆ. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ತೆಗೆದುಕೊಂಡ, ಬಯಲಿಗೆ ಬೇಲಿ ಬಿತ್ತು. 1886-87ರ ಚಳಿಗಾಲದಲ್ಲಿ ದನಗಳು ಹಿಮದಲ್ಲಿ ರಾಶಿ ರಾಶಿ ಸತ್ತವು. ಅಲ್ಲಿಗೆ ಕಥೆ ಮುಗೀತು. ಎಲ್ಲ ಸೇರಿ ಇಪ್ಪತ್ತು ವರ್ಷ ಅಷ್ಟೇ. ಕಿಡ್ ಕೋಲ್ಟ್ ಆ ಇಡೀ ಕಾಲಕ್ಕಿಂತ ಹತ್ತು ವರ್ಷ ಜಾಸ್ತಿ ಓಡಿದ್ದಾನೆ. ಮುಖದ ಮೇಲೆ ಒಂದು ಗೆರೆ ಬಂದಿಲ್ಲ.

ಈಗ ಆ ಉಳಿದರ್ಧಕ್ಕೆ ಬರೋಣ. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಅನ್ನುವ ಮನೋವೈದ್ಯ, ಕಾಮಿಕ್ಸ್ ಮಕ್ಕಳನ್ನು ಹಾಳು ಮಾಡುತ್ತಿವೆ ಅಂತ ಒಂದು ಪುಸ್ತಕ ಬರೆದ. ಅವನ ಲೆಕ್ಕದಲ್ಲಿ ಕೌಬಾಯ್ ಕಾಮಿಕ್ಸ್ ಕೂಡ ಅಪರಾಧದ ಕಾಮಿಕ್ಸೇ. ಅಪರಾಧ ನಡೆಯೋದು ಪೇಟೆಯಲ್ಲಾದರೇನು, ಕಾಡಿನಲ್ಲಾದರೇನು, ದನದ ಬಯಲಿನಲ್ಲಾದರೇನು, ಎಲ್ಲಾ ಒಂದೇ ಅಂತ ಅವನ ವಾದ. ಅದೇ ವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಸೆನೆಟ್ ಉಪಸಮಿತಿ ವಿಚಾರಣೆ ಮಾಡಿತು. ಹೆದರಿದ ಪ್ರಕಾಶಕರು ಸರ್ಕಾರ ಕೈ ಹಾಕುವ ಮೊದಲೇ ತಾವೇ ಒಂದು ಕಟ್ಟುಪಾಡು ಮಾಡಿಕೊಂಡರು. ಅದೇ ಕಾಮಿಕ್ಸ್ ಕೋಡ್. ಪ್ರತಿ ಪುಟವನ್ನೂ ಮೊದಲೇ ತೋರಿಸಬೇಕು. ಒಪ್ಪಿದರೆ ಕವರಿನ ಮೂಲೆಯಲ್ಲಿ ಸ್ಟಾಂಪಿನಂಥ ಒಂದು ಮುದ್ರೆ.

ಆ ನಿಯಮಗಳನ್ನು ಒಂದು ಸಲ ಓದಬೇಕು. ಅಪರಾಧಿಯ ಮೇಲೆ ಕನಿಕರ ಹುಟ್ಟುವ ಹಾಗೆ ಕಥೆ ಹೇಳಬಾರದು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಬರುವ ಹಾಗೆ ತೋರಿಸಬಾರದು. ಪ್ರತಿ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು, ತಪ್ಪು ಮಾಡಿದವನಿಗೆ ಶಿಕ್ಷೆ ಆಗಬೇಕು. ಹೆಸರುಗಳ ಮೇಲೂ ಕಣ್ಣು. ಹಾರರ್, ಟೆರರ್ ಅನ್ನುವ ಪದಗಳನ್ನು ಪುಸ್ತಕದ ಹೆಸರಿನಲ್ಲಿ ಹಾಕುವ ಹಾಗೇ ಇಲ್ಲ. ಕ್ರೈಮ್ ಅಂತ ಹಾಕಿದರೆ ಆ ಅಕ್ಷರ ಪಕ್ಕದ ಪದಕ್ಕಿಂತ ತೀರಾ ದಪ್ಪ ಇರಬಾರದು.

ಔಟ್‌ಲಾ ಅನ್ನುವ ಪದ ಮಾತ್ರ ಆ ಪಟ್ಟಿಯಲ್ಲಿಲ್ಲ!

ಹಾಗಾಗಿ ಕಿಡ್ ಕೋಲ್ಟ್ ಬದುಕಿದ. ಆದರೆ ಹೇಗೆ ಅಂತ ನೋಡಿ. ಅವನು ತಪ್ಪಿತಸ್ಥ ಆಗುವ ಹಾಗಿಲ್ಲ, ತಪ್ಪಿತಸ್ಥನಾದರೆ ಅವನ ಮೇಲೆ ಕನಿಕರ ತೋರಿಸುವಂತಿಲ್ಲ. ನಿರಪರಾಧಿಯೇ ಆಗಿರಬೇಕು. ಹಾಗಂತ ಅವನನ್ನು ಅಟ್ಟಿಸಿಕೊಂಡು ಬರುವ ಷರೀಫ್ ಕೆಟ್ಟವನೂ ಆಗಬಾರದು, ದಡ್ಡನೂ ಆಗಬಾರದು. ಮರ್ಯಾದಸ್ಥ ಷರೀಫ್, ಮರ್ಯಾದಸ್ಥ ಕಳ್ಳ. ಇಬ್ಬರೂ ಸರಿ, ಇಬ್ಬರ ನಡುವೆ ಒಂದು ತಪ್ಪು ತಿಳಿವಳಿಕೆ. ಅದು ಬಗೆಹರಿದರೆ ಪುಸ್ತಕದ ಹೆಸರು ಹೋಗುತ್ತದೆ. ಬಗೆಹರಿಯದಿದ್ದರೆ ಕಾನೂನು ಸೋತಂತೆ ಆಗುತ್ತದೆ. ಈ ಇಕ್ಕಟ್ಟಿನಲ್ಲಿ ಹುಟ್ಟಿದ್ದೇ ಆ ಬೆನ್ನು ತಿರುಗಿಸುವ ಷರೀಫ್ ಅಂತ ನನ್ನ ಅನುಮಾನ. ಹಿಡಿಯಲಿಲ್ಲ, ಬಿಡಲೂ ಇಲ್ಲ. ಆಚೆ ನೋಡುತ್ತಿದ್ದ, ಅಷ್ಟರಲ್ಲಿ ಹೋಗಿಬಿಟ್ಟ. ನಮ್ಮ ಆಫೀಸುಗಳಲ್ಲಿ ಫೈಲು ಕಣ್ಣಿಗೆ ಬೀಳಲಿಲ್ಲ ಅಂತಾರಲ್ಲ, ಹಾಗೆ.

ಗುಂಡು ಹೊಡೆಯುವ ರೀತಿಯಲ್ಲೂ ಅದೇ ಜಾಣತನ. ಕೋಡ್ ಬಂದ ಮೇಲೆ ಈ ಹೀರೊಗಳೆಲ್ಲ ಎದುರಾಳಿಯ ಕೈಯಲ್ಲಿದ್ದ ಪಿಸ್ತೂಲಿಗೇ ಗುರಿಯಿಟ್ಟು ಅದನ್ನು ಹಾರಿಸುವುದು ಜಾಸ್ತಿಯಾಯಿತು. ಠಂಯ್ ಅಂತ ಶಬ್ದ, ಕೈ ಹಿಡಿದುಕೊಂಡು ಆಯ್ ಅನ್ನುವ ಕೇಡಿ. ರಕ್ತದ ಒಂದು ಹನಿ ಇಲ್ಲ. ಚಿಕ್ಕವನಾಗಿದ್ದಾಗ ಅದನ್ನು ಕಿಡ್‌ನ ಕರುಣೆ ಅಂತ ನಂಬಿದ್ದೆ. ಮಾವ ಮಾತ್ರ ನಂಬಿರಲಿಲ್ಲ. ಲೇತ್ ಮೆಷಿನ್ನಿನ ಮುಂದೆ ನಿಂತು ಕೆಲಸ ಮಾಡಿದವರು, ಲೋಹಕ್ಕೆ ಲೋಹ ಬಡಿದರೆ ಚೂರು ಎಲ್ಲಿಗೆ ಸಿಡಿಯುತ್ತೆ ಅಂತ ಅವರಿಗೆ ಗೊತ್ತು. "ಬೆರಳು ಹೋಗ್ತಾವೆ ಕಣೋ" ಅಂದಿದ್ದರು.

ಇನ್ನೊಂದು ಸಲ ಕಿಡ್ ಸಾಯಬೇಕಾಗಿದ್ದಿದ್ದು 1957ರಲ್ಲಿ. ಈ ಸಲ ಕಾರಣ ಲಾರಿ ಮತ್ತು ಗೋದಾಮು. ಗುಡ್‌ಮನ್ ತನ್ನದೇ ವಿತರಣೆಯನ್ನು ಮುಚ್ಚಿ ಅಮೆರಿಕನ್ ನ್ಯೂಸ್ ಕಂಪನಿಗೆ ಪುಸ್ತಕ ಕೊಡಲು ಶುರು ಮಾಡಿದ್ದ. ಆ ಕಂಪನಿ ವಿತರಣೆಯನ್ನೇ ನಿಲ್ಲಿಸಿಬಿಟ್ಟಿತು. ಬೇರೆ ದಾರಿಯಿಲ್ಲದೆ ಪ್ರತಿಸ್ಪರ್ಧಿಗಳಾದ ಸೂಪರ್‌ಮ್ಯಾನ್‌ನವರ ವಿತರಣಾ ಸಂಸ್ಥೆಗೇ ಹೋಗಿ ಕೈ ಜೋಡಿಸಿ ನಿಲ್ಲಬೇಕಾಯಿತು. ಅವರು ಹಾಕಿದ ಷರತ್ತು: ತಿಂಗಳಿಗೆ ಎಂಟೇ ಪುಸ್ತಕ. ಗುಡ್‌ಮನ್ ಎರಡು ತಿಂಗಳಿಗೊಮ್ಮೆ ಬರುವ ಹದಿನಾರು ಪುಸ್ತಕ ಇಟ್ಟುಕೊಂಡು ಉಳಿದದ್ದನ್ನೆಲ್ಲ ನಿಲ್ಲಿಸಿದ. ಆ ಹದಿನಾರರಲ್ಲಿ ನಾಲ್ಕು ಕೌಬಾಯ್ ಪುಸ್ತಕಗಳು. ಅವುಗಳಲ್ಲಿ ಕಿಡ್ ಕೋಲ್ಟ್ ಒಂದು. ಇವತ್ತು ಸಿನಿಮಾಗಳಿಂದ ಕೋಟಿ ಕೋಟಿ ದುಡಿಯುವ ಕಂಪನಿ ಆ ಬರಗಾಲವನ್ನು ದಾಟಿದ್ದು ಇಂಥ ಕುದುರೆಗಳ ಮೇಲೆ, ಇನ್ನು ಕೆಲವು ಪ್ರೇಮಕಥೆ ಪುಸ್ತಕಗಳ ಮೇಲೆ.

ಈ ಕಾಲದ ಬಹುಪಾಲು ಕಿಡ್ ಕೋಲ್ಟ್ ಚಿತ್ರಗಳನ್ನು ಬರೆದದ್ದು ಜಾಕ್ ಕೆಲ್ಲರ್. ಒಂದು ದಶಕಕ್ಕೂ ಹೆಚ್ಚು ಕಾಲ ಅದೇ ಅಂಗಿ, ಅದೇ ಕುದುರೆ. ಕಾಮಿಕ್ಸ್ ಪ್ರಿಯರು ಕೆಲ್ಲರ್ ಹೆಸರನ್ನು ದೊಡ್ಡದಾಗಿ ಹೇಳುವುದಿಲ್ಲ. ನನಗೆ ಅವನ ಕೈ ಇಷ್ಟ. ಆಡಂಬರ ಇಲ್ಲ, ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇಂಗ್ಲಿಷ್ ಬಾರದ ನನ್ನ ತಂಗಿ ಕೂಡ ಚಿತ್ರ ನೋಡಿಯೇ ಕಥೆ ಹೇಳುತ್ತಿದ್ದಳು. ಆಮೇಲೆ ಕೆಲ್ಲರ್ ಚಾರ್ಲ್‌ಟನ್ ಅನ್ನುವ ಕಂಪನಿಗೆ ಕಾರ್ ರೇಸಿನ ಕಾಮಿಕ್ಸ್ ಬರೆದ. ಅಷ್ಟು ವರ್ಷ ಕುದುರೆ ಬರೆದವನ ಮನಸ್ಸು ಇದ್ದಿದ್ದು ಇಂಜಿನ್ ಮೇಲೆ!

ಬಣ್ಣದ ಬಗ್ಗೆ ಒಂದು ಮಾತು. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದ, ಕಪ್ಪಿನ ಜೊತೆ ಮೂರೇ ಶಾಯಿ. ಹದವಾದ ಬಣ್ಣ ಬೇಕಾದರೆ ಚುಕ್ಕಿ ಚುಕ್ಕಿಯಾಗಿ ಒತ್ತಬೇಕು. ಭೂತಗನ್ನಡಿ ಹಿಡಿದರೆ ಕಿಡ್‌ನ ಕೆನ್ನೆ ಸಿಡುಬು ಬಂದ ಹಾಗೆ ಕಾಣುತ್ತದೆ. ಹಳದಿಯನ್ನೂ ಮಜೆಂಟಾವನ್ನೂ ಚುಕ್ಕಿ ಇಲ್ಲದೆ ಪೂರ್ತಿ ಹಚ್ಚಿದರೆ ಗಟ್ಟಿ ಕೆಂಪು. ಆ ಅಂಗಿ ಅಷ್ಟು ದೂರದಿಂದ ಕಣ್ಣಿಗೆ ಹೊಡೆಯುವುದು ಅದಕ್ಕೇ. ತಲೆಮರೆಸಿಕೊಂಡವನು ಹಾಕುವ ಅಂಗಿಯಾ ಅದು ಅಂತ ಮಾತ್ರ ಕೇಳಬಾರದು.

ಮಧ್ಯದಲ್ಲಿ ಎರಡು ಪುಟ ಚಿತ್ರವೇ ಇಲ್ಲದ ಕಥೆ ಇರುತ್ತಿತ್ತು. ಬರೀ ಅಕ್ಷರ. ನಾವು ಮಕ್ಕಳು ಅದನ್ನು ಹಾರಿಸಿಬಿಡುತ್ತಿದ್ದೆವು. ಅಮೆರಿಕದ ಮಕ್ಕಳೂ ಹಾರಿಸುತ್ತಿದ್ದರಂತೆ. ಅದನ್ನು ಹಾಕುತ್ತಿದ್ದದ್ದು ಓದಲಿ ಅಂತಲ್ಲ, ಪತ್ರಿಕೆಗಳಿಗೆ ಸಿಗುವ ಕಡಿಮೆ ಅಂಚೆ ದರ ಸಿಗಬೇಕಾದರೆ ಒಂದಿಷ್ಟು ಬರಹ ಇರಲೇಬೇಕು ಅನ್ನುವ ಅಲ್ಲಿನ ಅಂಚೆ ಇಲಾಖೆಯ ನಿಯಮಕ್ಕೆ. ಮಾವ ಆ ಎರಡು ಪುಟವನ್ನೂ ಶ್ರದ್ಧೆಯಿಂದ ಓದುತ್ತಿದ್ದರು. ದುಡ್ಡು ಕೊಟ್ಟಿದ್ದೀವಲ್ಲ ಅಂತ.

ನನ್ನ ಕಣ್ಣು ಜಾಹೀರಾತಿನ ಮೇಲೆ. ಕೈಯ ಮೂಳೆ ಕಾಣಿಸುವ ಎಕ್ಸ್‌ರೇ ಕನ್ನಡಕ, ಒಂದು ಡಾಲರ್. ಕೂಪನ್ ಕತ್ತರಿಸಿ ಹೆಸರು, ವಿಳಾಸ ಎಲ್ಲ ತುಂಬಿಟ್ಟಿದ್ದೆ. "ಡಾಲರ್‌ಗೆ ರಿಸರ್ವ್ ಬ್ಯಾಂಕ್ ಕೇಳ್ಬೇಕು, ಸುಮ್ನೆ ಮಲಕ್ಕೋ" ಅಂದರು ಮಾವ. ಹಾಗಾಗಿ ನನ್ನ ಪ್ರತಿಯಲ್ಲಿ ಒಂದು ಪುಟಕ್ಕೆ ಕಿಟಕಿ ಇದೆ.

ಆಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಒಂದು ರಾಹೈಡ್ ಕಿಡ್ ಸಿಕ್ಕಿತು. ಅದೇ ಕಂಪನಿಯ ಇನ್ನೊಬ್ಬ ಅಲೆಮಾರಿ. 1955ರಲ್ಲಿ ಶುರುವಾಗಿ, 1957ರ ಆ ಕಷ್ಟಕಾಲದಲ್ಲಿ ನಿಂತುಹೋಗಿದ್ದವನು. 1960ರಲ್ಲಿ ಕಥೆಗಾರ ಸ್ಟ್ಯಾನ್ ಲೀ, ಚಿತ್ರಗಾರ ಜಾಕ್ ಕರ್ಬಿ ಸೇರಿ ಹದಿನೇಳನೇ ಸಂಚಿಕೆಯಿಂದ ಅವನನ್ನು ಹೊಸದಾಗಿ ಕಟ್ಟಿದರು. ಕೆಂಪು ಕೂದಲು, ಕುಳ್ಳ. ಸಾರಾಯಿ ಅಂಗಡಿಯಲ್ಲಿ ಎಲ್ಲರೂ ಗೇಲಿ ಮಾಡುವವರೇ, ಆಮೇಲೆ ಏಟು ತಿನ್ನುವವರೇ. ಅನಾಥ ಹುಡುಗ. ಸಾಕಿದ ಅಂಕಲ್‌ನನ್ನು ಯಾರೋ ಕೊಂದಿದ್ದಾರೆ. ಆ ಅಂಕಲ್ ಹೆಸರು ಬೆನ್.

ಸ್ಪೈಡರ್‌ಮ್ಯಾನ್ ಗೊತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅದು ಬಂದಿದ್ದು 1962ರಲ್ಲಿ. ಅನಾಥ ಹುಡುಗ, ಕೊಲೆಯಾದ ಅಂಕಲ್ ಬೆನ್, ಒಳ್ಳೆಯದು ಮಾಡಿದರೂ ಊರೆಲ್ಲ ಅವನನ್ನೇ ಅನುಮಾನಿಸುವುದು, ಪೊಲೀಸರು ಅಟ್ಟಿಸಿಕೊಂಡು ಬರುವುದು. ಬರೆದವನು ಅದೇ ಸ್ಟ್ಯಾನ್ ಲೀ. ಗೋಡೆಯ ಮೇಲಿನ ವಾಂಟೆಡ್ ಪೋಸ್ಟರ್ ಹೋಗಿ ಪೇಪರಿನ ಮುಖಪುಟ ಬಂತು, ಅಷ್ಟೇ. ಅದೇ ವರ್ಷದ ಹಲ್ಕ್ ಕೂಡ ಸೇನೆಯಿಂದ ತಲೆಮರೆಸಿಕೊಂಡು ಮರುಭೂಮಿಯಲ್ಲಿ ತಿರುಗುವವನೇ. ಕೌಬಾಯ್ ಕಾಮಿಕ್ಸ್ ಸತ್ತುಹೋದವು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕುದುರೆ ಇಳಿದು ಬಟ್ಟೆ ಬದಲಾಯಿಸಿಕೊಂಡು ಪೇಟೆಗೆ ಬಂದಿವೆ.

ಹೊಗಳಿದ್ದು ಸಾಕು. ಈಗ ಓದುವಾಗ ಮುಜುಗರ ಆಗುವುದೂ ಇದೆ. ನಿಜವಾದ ಕೌಬಾಯ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಕಪ್ಪು ಜನ ಅಂತ ಇತಿಹಾಸಕಾರರ ಅಂದಾಜು. ಕುದುರೆ ಪಳಗಿಸುವ, ಹಗ್ಗ ಬೀಸುವ ವಿದ್ಯೆಯೆಲ್ಲ ಮೆಕ್ಸಿಕೋದ ವಕೇರೋ ಅನ್ನುವ ದನಗಾಹಿಗಳಿಂದ ಕಲಿತದ್ದು. ನನ್ನ ಹತ್ತಿರ ಇರುವ ಹತ್ತು ಹನ್ನೆರಡು ಸಂಚಿಕೆಗಳಲ್ಲಿ ಕೌಬಾಯ್‌ಗಳೆಲ್ಲ ಬಿಳಿಯರೇ. ಮೂಲನಿವಾಸಿಗಳು ಬಂದರೆ ಮುರುಕು ಇಂಗ್ಲಿಷ್ ಮಾತಾಡುತ್ತಾರೆ, ಒಂದೋ ಮೋಸ ಹೋಗುತ್ತಾರೆ, ಇಲ್ಲ ಮುತ್ತಿಗೆ ಹಾಕುತ್ತಾರೆ. ಅವರ ನೆಲದಲ್ಲೇ ಅವರನ್ನು ಹೊರಗಿಟ್ಟಿದ್ದಾರೆ. ಆ ಅರ್ಥದಲ್ಲಿ ನಿಜವಾದ ಔಟ್‌ಲಾಗಳು ಆ ಪುಟಗಳಲ್ಲಿ ಬೇರೆಯೇ ಇದ್ದಾರೆ. ಹೆಂಗಸರ ವಿಷಯ ಹೇಳುವುದೇ ಬೇಡ, ಬಾಗಿಲಲ್ಲಿ ನಿಂತು ಕೈ ಬೀಸಲು ಒಬ್ಬರು ಬೇಕಲ್ಲ, ಅದಕ್ಕೆ.

ಕಿಡ್ ಹುಟ್ಟಿದ 1948ರಲ್ಲೇ, ಸೆಪ್ಟೆಂಬರ್ 30ಕ್ಕೆ, ಇಟಲಿಯಲ್ಲಿ ಇನ್ನೊಬ್ಬ ಔಟ್‌ಲಾ ಹುಟ್ಟಿದ. ಟೆಕ್ಸ್ ವಿಲ್ಲರ್. ಬರೆದದ್ದು ಜಾನ್ ಲುಯಿಜಿ ಬೊನೆಲ್ಲಿ, ಚಿತ್ರ ಔರೆಲಿಯೊ ಗಲ್ಲೆಪ್ಪಿನಿ. ಹೊಸೂರಿನ ಗೆಳೆಯನ ಮನೆಯಲ್ಲಿ ನಾನು ಅವನನ್ನು ತಮಿಳಿನಲ್ಲಿ ನೋಡಿದೆ. ಶಿವಕಾಶಿಯ ಲಯನ್ ಕಾಮಿಕ್ಸ್‌ನವರು 1980ರ ದಶಕದಿಂದ ತರುತ್ತಿದ್ದಾರೆ, ದೀಪಾವಳಿಗೆ ಪಟಾಕಿ ಜೊತೆ ದಪ್ಪ ಟೆಕ್ಸ್ ಪುಸ್ತಕಕ್ಕೂ ಕಾಯುತ್ತಿದ್ದೆ ಅಂದ ಗೆಳೆಯ. ಟೆಕ್ಸ್ ಕೂಡ ಶುರುವಿನಲ್ಲಿ ತಲೆಮರೆಸಿಕೊಂಡವನೇ. ಆದರೆ ಇಟಲಿಯವರು ಅವನನ್ನು ಬೇಗ ಬಿಡಿಸಿದರು. ರೇಂಜರ್ ಅನ್ನುವ ಪೊಲೀಸ್ ಕೆಲಸ ಕೊಟ್ಟರು, ನವಾಹೊ ಅನ್ನುವ ಮೂಲನಿವಾಸಿ ಬುಡಕಟ್ಟಿನ ಹೆಣ್ಣಿನ ಜೊತೆ ಮದುವೆ ಮಾಡಿದರು, ಮಗ ಹುಟ್ಟಿದ. ಹೆಂಡತಿ ಸತ್ತಳು, ಇವನು ನವಾಹೊಗಳ ನಾಯಕನಾದ. ಅವನು ಇವತ್ತಿಗೂ ಬರುತ್ತಿದ್ದಾನೆ. ನಿಜ ಹೇಳಿದರೆ ಪುಸ್ತಕ ಮುಗಿಯುತ್ತೆ ಅಂದಿದ್ದರಲ್ಲ ಮಾವ, ಇಲ್ಲಿ ಮುಗಿಯಲಿಲ್ಲ. ಮುಗಿದದ್ದು ನಿಜ ಹೇಳದವನದು.

ಅದೂ ಹೇಗೆ ಮುಗಿಯಿತು ಅಂದರೆ, ಯಾರಿಗೂ ಗೊತ್ತಾಗದ ಹಾಗೆ. 1960ರ ದಶಕದ ಕೊನೆಯಿಂದಲೇ ಕಿಡ್ ಕೋಲ್ಟ್‌ನಲ್ಲಿ ಬಹುಪಾಲು ಹಳೇ ಕಥೆಗಳನ್ನೇ ಮತ್ತೆ ಅಚ್ಚು ಹಾಕುತ್ತಿದ್ದರು. ಅದಕ್ಕೂ ಜನ ಇದ್ದರು ಅನ್ನಿ. ಔಟ್‌ಲಾ ಕಿಡ್ ಅಂತ ಇನ್ನೊಬ್ಬ ಇದ್ದ. 1970ರ ನಂತರ ಅವನ ಹಳೇ ಕಥೆಗಳು ಚೆನ್ನಾಗಿ ಹೋದವು ಅಂತ ಹೊಸದಾಗಿ ಬರೆಸಿದರೆ, ಮಾರಾಟ ಬಿದ್ದುಹೋಯಿತು. ತಿರುಗಿ ಹಳೇದಕ್ಕೇ ಬಂದರು. ಹೀಗೆ ಕೊನೆಯ ಹತ್ತು ವರ್ಷ ಕಿಡ್ ಕೋಲ್ಟ್ ತಾನು ಹೋಗಿದ್ದ ಊರುಗಳಿಗೇ ಮತ್ತೆ ಹೋದ, ಅದೇ ಕೇಡಿಗಳ ಪಿಸ್ತೂಲು ಹಾರಿಸಿದ. 229ನೇ ಸಂಚಿಕೆಗೆ ನಿಂತಾಗ ಕೊನೆಯ ಕಥೆ ಅಂತ ಯಾರೂ ಬರೆಯಲಿಲ್ಲ. ಬಿಡುಗಡೆ ಇಲ್ಲ, ಮಾಫಿ ಇಲ್ಲ. ಮುಂದಿನ ತಿಂಗಳು ರಾಹೈಡ್ ಕಿಡ್ ಕೂಡ 151ಕ್ಕೆ ನಿಂತ. ಮೈಸೂರಿನ ಜಗಲಿಯ ಮೇಲೆ ನಾನು ಅವನು ಯಾಕೆ ನಿಜ ಹೇಳಲ್ಲ ಅಂತ ಕೇಳುತ್ತಿದ್ದಾಗ, ಹೇಳಿಸುವವರೇ ಪೆನ್ನು ಮುಚ್ಚಿ ಮೂರು ವರ್ಷ ಆಗಿತ್ತು.

ಕವರಿನ ತಲೆ ಯಾಕೆ ಹೋಗಿತ್ತು ಅನ್ನುವುದೂ ಎಷ್ಟೋ ವರ್ಷದ ಮೇಲೆ ತಿಳಿಯಿತು. ಅಮೆರಿಕದ ಅಂಗಡಿಯವರು ಮಾರಾಟವಾಗದ ಪುಸ್ತಕವನ್ನು ಪೂರ್ತಿ ವಾಪಸ್ ಕಳಿಸುತ್ತಿರಲಿಲ್ಲ, ಸಾಗಣೆ ಖರ್ಚು ದಂಡ. ಹೆಸರಿರುವ ಪಟ್ಟಿಯನ್ನೋ, ಇಡೀ ಕವರನ್ನೋ ಕತ್ತರಿಸಿ ಕಳಿಸಿದರೆ ದುಡ್ಡು ವಾಪಸ್. ಉಳಿದದ್ದನ್ನು ರದ್ದಿಗೆ ಹಾಕಬೇಕು. ಹಾಕದೆ ಕಳ್ಳದಾರಿಯಲ್ಲಿ ಅಗ್ಗಕ್ಕೆ ಮಾರುವವರೂ ಇದ್ದರು. ಅಂದರೆ ಲೆಕ್ಕದ ಪ್ರಕಾರ ನನ್ನ ಪುಸ್ತಕ ಸತ್ತುಹೋಗಿದೆ. ಹೆಸರು ಕತ್ತರಿಸಿಕೊಂಡು, ಇರಬಾರದ ಊರಿಗೆ ಬಂದು, ಮಾವನ ಕೈಯಲ್ಲಿ ಹೊಸ ಹೆಸರು ಬರೆಸಿಕೊಂಡಿದೆ.

ಹಳೇ ಕಾಮಿಕ್ಸ್‌ಗೆ ಹತ್ತು ಅಂಕದ ಅಳತೆ ಇಟ್ಟಿದ್ದಾರೆ. ನನ್ನದಕ್ಕೆ ಏನು ಬರಬಹುದು ಅಂತ ವಿಷಯ ಬಲ್ಲ ಗೆಳೆಯನಿಗೆ ಫೋಟೊ ಕಳಿಸಿದೆ. ಕವರ್ ಕತ್ತರಿಸಿದೆ, ಕೂಪನ್ ಹೋಗಿದೆ, ಮೇಲೆ ಮೈದಾ ಅಂಟು. ಅರ್ಧ ಅಂಕ, ಅದೂ ಧಾರಾಳವಾಗಿ ಕೊಟ್ಟರೆ ಅಂದ.

ಮೈದಾ ಅಂಟಿನ ರುಚಿ ಹುಳಗಳಿಗೆ ಗೊತ್ತಲ್ಲ. ಹೋದ ಮಳೆಗಾಲದಲ್ಲಿ ಪೆಟ್ಟಿಗೆ ತೆಗೆದಾಗ ನೋಡಿದೆ, ಮಾವ ಅಂಟಿಸಿದ ಪಟ್ಟಿಯನ್ನು ಬಲಗಡೆಯಿಂದ ತಿನ್ನುತ್ತಾ ಬಂದಿವೆ. ಒಳಗಿನ ಪುಟಗಳನ್ನು ಮುಟ್ಟಿಲ್ಲ. 'ಮರೆಸಿಕೊಂಡವನು' ಪೂರ್ತಿ ಹೋಗಿದೆ. ಕಿಡ್ ಕೋಲ್ಟ್ ಉಳಿದಿದ್ದಾನೆ, ಅಡ್ಡಗೆರೆ ಉಳಿದಿದೆ, ಅದರ ಮುಂದೆ ದುಂಡನೆ ನೀಲಿ ಅಕ್ಷರದಲ್ಲಿ 'ತಲೆ' ಅಂತ ಮಾತ್ರ ಇದೆ.